ಇಲಿಮನೆಯ ಯಜಮಾನರು

ಇಲಿಯನ್ನು ಬಾಲ ಹಿಡಿದು ಎತ್ತುವವರನ್ನು ಕಂಡರೆ ಯಜಮಾನರಿಗೆ ಆಗುತ್ತಿರಲಿಲ್ಲ. "ನಿಮ್ ಜಡೆ ಇಡ್ದು ಯಾರಾದ್ರೂ ಎತ್ತುದ್ರೆ ಎಂಗಿರ್ತೈತಮ್ಮಾ?" ಎಂದು ನಾನು ಕೆಲಸಕ್ಕೆ ಸೇರಿದ ಎರಡನೇ ದಿನವೇ ಕೇಳಿದ್ದರು. ನಾನೋ ಆಗಷ್ಟೇ ಎಂ.ಫಾರ್ಮ ಮುಗಿಸಿ ದಾವಣಗೆರೆಯಿಂದ ಬಂದವಳು, ಬಿಳಿ ಕೋಟು ಹಾಕಿಕೊಂಡರೆ ಅರ್ಧ ವಿಜ್ಞಾನಿ ಆದಂತೆಯೇ ಎಂದುಕೊಂಡವಳು. ಪಂಜರ ತೊಳೆಯುವ ವಯಸ್ಸಾದವರೊಬ್ಬರು ಎಲ್ಲರೆದುರು ಹಾಗೆ ಕೇಳಿದ್ದಕ್ಕೆ ಮೂಗಿನ ತುದಿಗೆ ಕೋಪ ಬಂತು. ಅವರು ಅದನ್ನು ಗಮನಿಸದವರ ಹಾಗೆ ಪಂಜರದೊಳಗೆ ಅಂಗೈ ಚಾಚಿ ಸುಮ್ಮನೆ ಇಟ್ಟರು. ಇಲಿ ಬಂದು ಮೂಸಿತು, ಹತ್ತಿ ಕೂತಿತು. ಇನ್ನೊಂದು ಕೈಯನ್ನು ಅದರ ಬೆನ್ನಿಗೆ ಆಸರೆಯಾಗಿ ಕೊಟ್ಟು ಎದೆಯ ಹತ್ತಿರ ತಂದುಕೊಂಡರು. "ಮೊದ್ಲು ನಿಮ್ ಕೈ ವಾಸ್ನೆ ಅದುಕ್ಕೆ ತಿಳೀಲಿ. ಆಮೇಲೆ ಸೂಜಿ ಚುಚ್ಚಿದ್ರೂ ಕಚ್ಚಲ್ಲ" ಎಂದರು. ಆ ಕೆಲಸದಲ್ಲಿದ್ದ ನಾಲ್ಕು ವರ್ಷದಲ್ಲಿ ನನ್ನನ್ನು ಒಂದೇ ಒಂದು ಇಲಿಯೂ ಕಚ್ಚಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದರ ಕಾರ್ಯವೆಲ್ಲ ಮುಗಿದ ಮೇಲೆ. ಹಳೆಯ ಸಹೋದ್ಯೋಗಿಯೊಬ್ಬಳು ಬೇರೇನೋ ಮಾತಾಡಲು ಫೋನ್ ಮಾಡಿ, ಇಡುವ ಮುಂಚೆ, "ಯಜಮಾನ್ರು ಹೋಗ್ಬಿಟ್ರಂತೆ ಕಣೇ" ಅಂದಳು. ನಾನು ಆಗ ಪೀಣ್ಯದ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದೆ. ನಾಗಸಂದ್ರದ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಆ ಫೋನು ಬಂತು. ಹಿಂದೆ ಬರುತ್ತಿದ್ದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಅಳು ಬರಲಿಲ್ಲ. ಆಗಿದ್ದು ಬರೀ ದುಃಖವಲ್ಲ, ಅದರಲ್ಲಿ ನಾಚಿಕೆಯೂ ಇತ್ತು. ಯಾಕೆ ಎಂದು ಹೇಳಬೇಕಾದರೆ ಅವರ ಕಥೆ ಹೇಳಬೇಕು.

ನಮ್ಮದು ಹೊಸ ಔಷಧಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಸಣ್ಣ ಪ್ರಯೋಗಾಲಯ. ಹೂಡಿಗೂ ಕುಂದಲಹಳ್ಳಿಗೂ ನಡುವೆ, ಗಾಜಿನ ಕಟ್ಟಡಗಳ ಹಿಂದೆ ಅಡಗಿಕೊಂಡಂತಿದ್ದ ಒಂದು ಹಳೆಯ ಶೆಡ್ಡಿಗೆ ಎಸಿ ಹಾಕಿಸಿ ಲ್ಯಾಬ್ ಮಾಡಿದ್ದರು. ಆಗ ಆ ಕಡೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಇಲಿಗಳಿದ್ದ ಭಾಗಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿದ್ದರೂ ನಮಗೆಲ್ಲ ಅದು ಇಲಿಮನೆ. ಅದರ ಉಸ್ತುವಾರಿ ಅವರದು. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು, ನಮ್ಮ ಬಾಸ್ ಕೂಡ.

ಹಾಗೆ ಕರೆಯಲು ಕಾರಣವಿತ್ತು. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ಹೊಲ ಇದ್ದ ಕಡೆ ಟೆಕ್ ಪಾರ್ಕ್ ಬಂದಿತ್ತು. ಅವರು ಕಟ್ಟಿಸಿದ್ದ ಸಾಲು ಮನೆಗಳಲ್ಲಿ ರಾಯಚೂರು, ಕಲಬುರಗಿ ಕಡೆಯ ಕಟ್ಟಡ ಕೆಲಸದವರು ಬಾಡಿಗೆಗಿದ್ದರು. ನಮ್ಮ ಗೇಟಿನ ಸೆಕ್ಯುರಿಟಿಯವನೇ ಅವರ ಬಾಡಿಗೆದಾರ. ಯಜಮಾನರು ಬೆಳಿಗ್ಗೆ ಹಳೆಯ ಸೈಕಲ್ಲಿನಲ್ಲಿ ಬಂದರೆ ಅವನು ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ. ಅದೇ ಸಂಸ್ಥೆಯ ಬಾಸ್ ಕಾರಿನಲ್ಲಿ ಬಂದರೆ ಕೂತೇ ಕೈ ಎತ್ತುತ್ತಿದ್ದ.

"ಮನೇಲಿ ಆರಾಮಾಗಿ ಕೂತ್ಕೊಳ್ಳೋದು ಬಿಟ್ಟು ಇಲಿ ಹಿಕ್ಕೆ ಬಾಚೋಕೆ ಯಾಕೆ ಬರ್ತೀರಿ ಯಜಮಾನ್ರೇ?" ಎಂದು ನಾನು ಒಂದು ಸಲ ಕೇಳಿಯೇಬಿಟ್ಟೆ. ನನ್ನದು ಮೊದಲಿನಿಂದಲೂ ಬಾಯಿ ಜೋರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ನಾಲ್ಕು ಹಸು ಇದ್ದವಂತೆ. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು, ಸಗಣಿ ವಾಸನೆ ಎಂದು ಅಲ್ಲಿಯವರು ದೂರು ಕೊಟ್ಟರು, ಮೇಯಿಸಲು ಜಾಗವೂ ಇರಲಿಲ್ಲ, ಹಸುಗಳನ್ನು ಮಾರಿಬಿಟ್ಟರು. "ಎಂಟು ದಿನ ಕೈಯಾಡ್ಸಾಕೆ ಒಂದು ಜೀವ ಇಲ್ದೆ ಮನೇಲಿ ಕುಂತಿದ್ದೆ ಕಣಮ್ಮ. ಒಂಬತ್ತನೇ ದಿನ ಇಲ್ಲಿ ಕೆಲ್ಸ ಐತೆ ಅಂದ್ರು" ಎಂದರು. ಅಷ್ಟೇ ಅವರ ಬಯೊಡೇಟಾ.

ಹಸುವಿಗಿಂತ ಮುಂಚೆ, ಅವರ ಅಮ್ಮನ ಕಾಲದಲ್ಲಿ, ಆ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರಂತೆ. ಆ ಶಿಸ್ತನ್ನೇ ಅವರು ಇಲಿಮನೆಗೆ ತಂದಿದ್ದರು. ರೇಷ್ಮೆಹುಳ ಇರುವ ಕೋಣೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಹೂ ಮುಡಿದು ಹೋಗುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಘಾಟು ತಗುಲಿದರೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ. ನಾನೊಂದು ಶುಕ್ರವಾರ ಮಲ್ಲಿಗೆ ಮುಡಿದು ಇಲಿಮನೆ ಬಾಗಿಲಿಗೆ ಬಂದರೆ ಕೈ ಅಡ್ಡ ಹಿಡಿದರು. "ಓಗ್ ತಾಯಿ, ಮಡಗ್ಬುಟ್ಟು ಬಾ." ಹೊರಗೆ ಮೇಜಿನ ಮೇಲೆ ಹೂವಿಟ್ಟು ಹೋದೆ. ಸಂಜೆ ಬಂದು ನೋಡಿದರೆ ಯಾರೋ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ.

ಆ ಕಾಲಕ್ಕೆ ನಮಗೊಂದು ದೊಡ್ಡ ಕೆಲಸ ಬಂತು. ಮಾದಕ ವಸ್ತುವಿನ ಚಟ ಬಿಡಿಸುವ ಔಷಧಿ. ಚಟ ಇರುವುದು ಮಿದುಳಿನಲ್ಲಿ. ಆದರೆ ಮಿದುಳಿಗೆ ಹೋಗುವ ರಕ್ತನಾಳಗಳ ಗೋಡೆ ಬಲು ಬಿಗಿ, ಕಂಡಕಂಡ ಔಷಧಿಯನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಔಷಧಿಯನ್ನು ನ್ಯಾನೋ ಕಣದೊಳಗೆ ತುಂಬುವುದು, ಆ ಕಣದ ಮೇಲೆ ಮಿದುಳಿನ ಗೋಡೆ ಒಪ್ಪುವಂಥ ಲೇಪ ಹಚ್ಚುವುದು. ಕಣ ಎಷ್ಟು ಸಣ್ಣದೆಂದರೆ ಒಂದು ಕೂದಲನ್ನು ಸಾವಿರ ಸೀಳು ಸೀಳಿದರೆ ಅದರಲ್ಲೊಂದು ಸೀಳಿನಷ್ಟು. ಕಣ ತಯಾರಿಸುವವರು ಬೇರೆಯವರು. ಇಲಿಗಳಿಗೆ ಕೊಟ್ಟು ಚಟ ಬಿಡುತ್ತವೋ ಇಲ್ಲವೋ ನೋಡುವುದು ನಮ್ಮ ಪಾಲು.

ಯಜಮಾನರಿಗೆ ನಾನು ಇದನ್ನೆಲ್ಲ ಹೇಳಿದಾಗ ಬಕೆಟ್ ಕೆಳಗಿಟ್ಟು ಕೇಳಿದರು. "ಅಂಗಾದ್ರೆ ಕಡುಬು ಅನ್ನಿ. ಔಷ್ದಿ ಊರಣ, ಮೇಲಿಂದು ಕಣಕ" ಎಂದರು. ಹೌದೆಂದೆ. ಮತ್ತೆ ಕೇಳಿದರು: "ಒಳಕ್ಕೆ ಓಯ್ತು, ಸರಿ. ಎಲ್ಲಿ ಒಡೀಬೇಕು ಅಂತ ಕಡುಬಿಗೆ ಎಂಗ್ ಗೊತ್ತು?" ಪ್ರಾಜೆಕ್ಟಿನ ಮುಖ್ಯಸ್ಥರಾಗಿದ್ದ ಹಿರಿಯ ವಿಜ್ಞಾನಿಯನ್ನು ನಾವು ಡಾಕ್ಟ್ರು ಎನ್ನುತ್ತಿದ್ದೆವು. ಈ ಪ್ರಶ್ನೆಯನ್ನು ಅವರಿಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕು, "ಪ್ರಪಂಚದಲ್ಲಿ ಎಲ್ಲರೂ ಅದನ್ನೇ ಹುಡುಕ್ತಾ ಇರೋದು" ಎಂದರು.

ಪರೀಕ್ಷೆ ಸರಳ. ಒಂದು ಪೆಟ್ಟಿಗೆ, ಅದರಲ್ಲಿ ಎರಡು ಕೋಣೆ, ನಡುವೆ ಸಣ್ಣ ಬಾಗಿಲು. ಒಂದು ಬಿಳಿ ಕೋಣೆ, ಒಂದು ಪಟ್ಟೆಪಟ್ಟೆಯ ಕೋಣೆ. ಇಲಿಗೆ ದಿನಾ ಬಿಳಿ ಕೋಣೆಯಲ್ಲಿ ಮಾರ್ಫಿನ್ ಎಂಬ ಅಮಲಿನ ಮದ್ದು ಚುಚ್ಚುತ್ತೇವೆ, ಪಟ್ಟೆ ಕೋಣೆಯಲ್ಲಿ ಬರೀ ಉಪ್ಪುನೀರು. ಕೆಲವು ದಿನವಾದ ಮೇಲೆ ಏನೂ ಚುಚ್ಚದೆ, ಬಾಗಿಲು ತೆರೆದು ಬಿಡುತ್ತೇವೆ. ಅದು ಹೋಗಿ ಬಿಳಿ ಕೋಣೆಯಲ್ಲೇ ಕೂತರೆ ಚಟ ಹತ್ತಿದೆ ಎಂದು ಅರ್ಥ. ಆಮೇಲೆ ಔಷಧಿ ಕೊಟ್ಟು ಮತ್ತೆ ಬಿಡಬೇಕು. ಬಿಳಿ ಕೋಣೆಯ ಆಸೆ ಹೋಗಿದ್ದರೆ ಔಷಧಿ ಕೆಲಸ ಮಾಡಿದೆ.

ಚಟ ಹತ್ತಿದ ಇಲಿಗಳು ಬಾಗಿಲು ತೆರೆಯುವ ಮುಂಚೆಯೇ ಅದಕ್ಕೆ ಮೂತಿ ಒತ್ತಿ ನಿಲ್ಲುತ್ತಿದ್ದವು. ಯಜಮಾನರು ಅದನ್ನು ನೋಡುತ್ತಾ ಎಷ್ಟೋ ಹೊತ್ತು ಕೂರುತ್ತಿದ್ದರು. ಒಂದು ದಿನ ಅಂಥದ್ದೊಂದು ಇಲಿಯನ್ನು ಎತ್ತಿಕೊಂಡು ಅದರ ನೆತ್ತಿ ಸವರುತ್ತಿದ್ದಾಗ ನಾನು ಸುಮ್ಮನಿರಲಾರದೆ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂದ್ರೆ ಇದೇ ಇರ್ಬೇಕು ಯಜಮಾನ್ರೇ" ಎಂದೆ. ಸುತ್ತ ಇದ್ದವರು ನಕ್ಕರು. ಅವರು ನಗಲಿಲ್ಲ. ಇಲಿಯನ್ನು ಪಂಜರಕ್ಕೆ ಬಿಟ್ಟು, ಬಕೆಟ್ ತೆಗೆದುಕೊಂಡು ಹೊರಟುಹೋದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಿಂದಿನ ಅಂಗಳದ ಕಲ್ಲುಬೆಂಚಿಗೆ ಬಂದು ನನ್ನ ಪಕ್ಕ ಕೂತರು. ಮುದ್ದೆಯ ಡಬ್ಬಿ ಬಿಚ್ಚಲಿಲ್ಲ. "ಅವತ್ತು ನೀವು ಎಗ್ಣದ್ ಮಾತಾಡಿದ್ರಲ್ಲ" ಎಂದು ಶುರುಮಾಡಿದರು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಬೇಡವೆಂದು ಕೈಯಾಡಿಸಿದರು. ಅವರಿಗೆ ಒಬ್ಬನೇ ಮಗ. ತಾಯಿ ಇಲ್ಲದವನು. ಬೈಕಿನಿಂದ ಬಿದ್ದು ಕಾಲು ಮುರಿದಾಗ ನೋವಿಗೆಂದು ಚುಚ್ಚಿಸಿಕೊಂಡ ಇಂಜೆಕ್ಷನ್ ಅವನನ್ನು ಹಿಡಿದುಬಿಟ್ಟಿತ್ತು. ಕಾಲು ಕೂಡಿಕೊಂಡಿತು, ಇಂಜೆಕ್ಷನ್ ಬಿಡಲಿಲ್ಲ. ಮೂರು ಸಲ ಚಟ ಬಿಡಿಸುವ ಸೆಂಟರಿಗೆ ಸೇರಿಸಿದ್ದಾಗಿತ್ತು. ಹೊರಗೆ ಬಂದ ವಾರಕ್ಕೆ ಮತ್ತೆ ಅದೇ.

"ಬುಡಬೇಕು ಅಂತ ಅವ್ನಿಗೂ ಐತೆ ಕಣಮ್ಮ. ಸುಳ್ಳಲ್ಲ. ಆದ್ರೆ ಆ ಮೆಡಿಕಲ್ ಸ್ಟೋರ್ ಬಾಗ್ಲತ್ರ ನಮ್ಮುಡ್ಗನೂ ಇಂಗೇ ನಿಂತ್ಕತಾನೆ, ಈ ಇಲಿ ನಿಂತ್ಕಳಂಗೆ" ಎಂದರು. ಆಮೇಲೆ ಕೇಳಿದರು: "ಈ ಕಡುಬು ಮನುಷ್ಯರಿಗೆ ಯಾವಾಗ ಬತ್ತದೆ?"

ಗೊತ್ತಿಲ್ಲ ಎನ್ನಬೇಕಿತ್ತು. ಇಲಿಗೆ ಆದದ್ದು ಮನುಷ್ಯರಿಗೆ ಆಗುವುದಕ್ಕೆ ಹತ್ತು ಹದಿನೈದು ವರ್ಷ ಬೇಕು, ಬಹಳಷ್ಟು ಔಷಧಿ ಅಲ್ಲಿಯವರೆಗೆ ಬರುವುದೇ ಇಲ್ಲ ಎಂದು ನನಗೆ ಗೊತ್ತಿತ್ತು. ಅವರ ಮುಖ ನೋಡಿ, "ಎಲ್ಲ ಸರಿಹೋದ್ರೆ ಎರಡು ಮೂರು ವರ್ಷ" ಎಂದುಬಿಟ್ಟೆ. ಅವರು ಮನೆಗೆ ಹೋಗಿ ಅದನ್ನು ಮಗನಿಗೆ ಹೇಳಿದರು. ಅವನು, ಇನ್ನು ಯಾವ ಆಸ್ಪತ್ರೆಗೂ ಬರುವುದಿಲ್ಲ, ನಿಮ್ಮ ಲ್ಯಾಬಿನ ಔಷಧಿ ಬಂದರೆ ಅದನ್ನು ತಗೊಳ್ತೀನಿ ಎಂದನಂತೆ. ಅವನು ಅಷ್ಟು ಹೇಳಿದ್ದೇ ದೊಡ್ಡದು ಎನ್ನುವಂತೆ ನನಗೆ ವರದಿ ಕೊಟ್ಟರು. ನಾನು ತಿದ್ದಲಿಲ್ಲ.

ಆ ಪರೀಕ್ಷೆಯಲ್ಲಿ ನಾನೊಂದು ತಪ್ಪು ಮಾಡಿದ್ದೆ. ನಮ್ಮಲ್ಲಿ ಎರಡು ಪೆಟ್ಟಿಗೆ ಇದ್ದವು. ಒಂದು ಗುಂಪಿನ ಇಲಿಗಳಿಗೆ ಔಷಧಿ ತುಂಬಿದ ಕಣ, ಇನ್ನೊಂದಕ್ಕೆ ಹೂರಣವಿಲ್ಲದ ಖಾಲಿ ಕಣ. ಎರಡೂ ಗುಂಪಿನ ಇಲಿಗಳನ್ನು ಎರಡೂ ಪೆಟ್ಟಿಗೆಗೆ ಬೆರೆಸಿ ಹಂಚಬೇಕು. ಆಗ ಪೆಟ್ಟಿಗೆಯ ದೋಷ ಏನಿದ್ದರೂ ಎರಡು ಗುಂಪಿಗೂ ಸಮನಾಗಿ ಬೀಳುತ್ತದೆ. ಬರೆದಿಡಲು ಸುಲಭ ಎಂದು ನಾನು ಔಷಧಿಯ ಗುಂಪನ್ನೆಲ್ಲ ಒಂದನೇ ಪೆಟ್ಟಿಗೆಗೆ, ಖಾಲಿ ಕಣದ ಗುಂಪನ್ನೆಲ್ಲ ಎರಡನೇ ಪೆಟ್ಟಿಗೆಗೆ ಹಾಕಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಔಷಧಿ ಕೊಡುವುದು ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂತು. ಆ ಭಾಗದಲ್ಲಿ ಪೂಜೆಯಾಗದ ಯಂತ್ರ ಇಲ್ಲ. ಲೇತು, ಲಾರಿ, ಲಿಫ್ಟು, ಕಂಪ್ಯೂಟರು ಎಲ್ಲಕ್ಕೂ ಸೇವಂತಿಗೆ ಹಾರ. ನಮ್ಮಲ್ಲೂ ಹಾಗೆ. ತೂಕದ ಯಂತ್ರ, ಫ್ರಿಜ್ಜು, ಸೂಕ್ಷ್ಮದರ್ಶಕಕ್ಕೆ ವಿಭೂತಿ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ ಒಡೆದು ಎಲ್ಲರಿಗೂ ಕಡ್ಲೆಪುರಿ ಹಂಚಿದರು. ಇಲಿಮನೆಯ ಹತ್ತಿರ ಯಾವ ಹೊಗೆಯೂ ಸುಳಿಯದಂತೆ ಯಜಮಾನರೇ ಕಾವಲು ನಿಂತಿದ್ದರು. ಆದರೆ ಪೆಟ್ಟಿಗೆಗಳು ಇದ್ದದ್ದು ಇಲಿಮನೆಯಲ್ಲಲ್ಲ, ಪಕ್ಕದ ಪರೀಕ್ಷೆಯ ಕೋಣೆಯಲ್ಲಿ. ಅಲ್ಲಿ ಆ ದಿನ ಇಲಿಗಳಿರಲಿಲ್ಲ. ಇದ್ದದ್ದು ಬರೀ ಪೆಟ್ಟಿಗೆಗಳು, ಎಲ್ಲ ಆಯುಧದ ಹಾಗೆ ಅವೂ ಆಯುಧ.

ಎರಡು ದಿನ ಬಿಟ್ಟು ಪರೀಕ್ಷೆ ಮಾಡಿದೆವು. ಔಷಧಿಯ ಗುಂಪಿನ ಒಂದು ಇಲಿಯೂ ಬಿಳಿ ಕೋಣೆಗೆ ಹೋಗಲಿಲ್ಲ. ಬಾಗಿಲತನಕ ಬಂದು ಮೂಸಿ ಹಿಂದಕ್ಕೆ ತಿರುಗಿದವು. ಖಾಲಿ ಕಣದವು ಮಾತ್ರ ಹಳೆಯ ಚಾಳಿಯಂತೆ ನುಗ್ಗಿ ಹೋಗಿ ಕೂತವು. ನಾನು ಓಡಿಹೋಗಿ ಡಾಕ್ಟ್ರನ್ನು ಕರೆದೆ. ಡಾಕ್ಟ್ರು ಬಂದು ವಿಡಿಯೋವನ್ನು ಮೂರು ಸಲ ಹಾಕಿಸಿ ನೋಡಿದರು. ಯಜಮಾನರು ಗೋಡೆಗೆ ಒರಗಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಕೈಮುಗಿದರು. ಮಾರನೇ ದಿನ ಮನೆಯಿಂದ ರವೆಉಂಡೆ ತಂದು ಎಲ್ಲರಿಗೂ ಕೊಟ್ಟರು. ಸುದ್ದಿ ಕೇಳಿ ಮಗ ಮೂರು ತಿಂಗಳಿಂದ ಬಿಟ್ಟಿದ್ದ ಗಡ್ಡವನ್ನು ತಾನಾಗಿ ತೆಗೆಸಿಕೊಂಡು ಬಂದನಂತೆ.

ವರದಿ ಬರೆದಾಯಿತು. ಹಣ ಹಾಕಿದ್ದ ಪರದೇಶದ ಕಂಪನಿಯವರು ಸೋಮವಾರ ನೋಡಲು ಬರುವವರಿದ್ದರು. ಅದಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಯಜಮಾನರು ನನ್ನ ಮೇಜಿನ ಹತ್ತಿರ ಬಂದು, "ಒಸಿ ಬನ್ನಿ" ಎಂದರು. ಮುಖ ಬಿಳಿಚಿಕೊಂಡಿತ್ತು.

ಪರೀಕ್ಷೆಯ ಕೋಣೆಯಲ್ಲಿ ಹೊಸ ಇಲಿಗಳನ್ನು ಪೆಟ್ಟಿಗೆಗೆ ಬಿಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಮಾರ್ಫಿನ್ನಿನ ಹನಿಯನ್ನೂ ಕಾಣದ ಇಲಿಗಳು ಅವು. ಎರಡನೇ ಪೆಟ್ಟಿಗೆಯಲ್ಲಿ ಎರಡೂ ಕೋಣೆ ಸುತ್ತಿದವು. ಒಂದನೇ ಪೆಟ್ಟಿಗೆಯಲ್ಲಿ ಬಿಳಿ ಕೋಣೆಯ ಬಾಗಿಲಿಗೆ ಬಂದು, ಮೂಸಿ, ಹಿಂದಕ್ಕೆ ತಿರುಗಿದವು. ಯಜಮಾನರು ಬಿಳಿ ಕೋಣೆಯ ತಳದ ರಬ್ಬರ್ ಹಾಸನ್ನು ಕಿತ್ತು ನನ್ನ ಮೂಗಿಗೆ ಹಿಡಿದರು. ಸಾಂಬ್ರಾಣಿ. ನಮಗೆ ಮೂಗು ಒತ್ತಿ ಹಿಡಿದರೆ ಮಾತ್ರ ಗೊತ್ತಾಗುವಷ್ಟು. ಇಲಿಗೆ ಅಷ್ಟು ಸಾಕು.

"ಬ್ಯಾರೆ ಎಲ್ಲಕ್ಕೂ ಕುಂಕುಮ ಇಟ್ಟೆ. ಇದುಕ್ಕೆ ಮಾತ್ರ ಧೂಪದ ಬಟ್ಲು ಒಳಗಿಟ್ಟು ಮುಚ್ಚುಳ ಮುಚ್ಚಿದ್ದೆ" ಎಂದರು. ಔಷಧಿಯ ಗುಂಪು ಬರುವುದು ಈ ಪೆಟ್ಟಿಗೆಗೆ, ಚಟ ಹತ್ತಿಸಿದ್ದು ಆ ಬಿಳಿ ಕೋಣೆ. ಅಲ್ಲಿ ಇರುವುದು ಏನೇ ಇರಲಿ, ಈ ಹೊಗೆಗೆ ಎದ್ದು ಹೋಗಲಿ ಎಂದು ಬೇಡಿಕೊಂಡಿದ್ದರಂತೆ, ಮಗನ ಹೆಸರು ಹೇಳಿ. ಆಮೇಲೆ ನಿಯಮದಂತೆ ಸ್ಪಿರಿಟ್ ಹಾಕಿ ಒರೆಸಿದ್ದರು. ಹಾಸಿನ ಕೆಳಗೆ ಒರೆಸಿರಲಿಲ್ಲ. "ಉಳದ್ ಮನೇಲಿ ಊದ್ಗಡ್ಡಿ ಹಚ್ಚಬ್ಯಾಡ ಅಂತ ನಮ್ಮವ್ವ ಬಡ್ಕೊಳ್ಳೋಳು. ಎಲ್ಲಾ ಗೊತ್ತಿದ್ದೂ ಮಾಡ್ದೆ ನೋಡಿ" ಎಂದು ಹಣೆ ಚಚ್ಚಿಕೊಂಡರು.

ನನಗೆ ಮೊದಲು ನೆನಪಾದದ್ದು ಅವರ ಮಗನಲ್ಲ. ಎರಡು ಗುಂಪನ್ನು ಎರಡು ಪೆಟ್ಟಿಗೆಗೆ ಹಾಕಿದ್ದು ನಾನು. ಬೆರೆಸಿ ಹಂಚಿದ್ದರೆ ಈ ಸಾಂಬ್ರಾಣಿ ಅವತ್ತೇ ಸಿಕ್ಕಿಬೀಳುತ್ತಿತ್ತು. ವರದಿಯಲ್ಲಿ ನನ್ನ ಹೆಸರಿತ್ತು. ನಾನು ಬಾಗಿಲು ಹಾಕಿ ಹೇಳಿದೆ: "ಯಜಮಾನ್ರೇ, ಇದನ್ನ ಯಾರಿಗೂ ಹೇಳ್ಬೇಡಿ. ಸೋಮವಾರ ಕಳೀಲಿ. ಆಮೇಲೆ ನಾನೇ ಸದ್ದಿಲ್ಲದೆ ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ. ಔಷಧಿ ನಿಜವಾಗಿ ಕೆಲಸ ಮಾಡಿರಲೂಬಹುದು ಅಲ್ವಾ? ಈಗ ಹೇಳಿದ್ರೆ ಎಲ್ಲ ನಿಂತುಹೋಗುತ್ತೆ. ನಿಮ್ಮ ಮಗನಿಗೆ ಬರೋದೂ ನಿಂತುಹೋಗುತ್ತೆ."

ಕೊನೆಯ ಮಾತನ್ನು ಬೇಕೆಂದೇ ಹೇಳಿದೆ. ಎಲ್ಲಿ ಮುಟ್ಟಿದರೆ ನೋವಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ರಬ್ಬರ್ ಹಾಸನ್ನು ಮಡಿಚಿದರು. ಆಮೇಲೆ, "ಬ್ಯಾರೆಯೋರ ಮಕ್ಳಿಗೆ ಅಂದಿದ್ರೆ ಸುಮ್ಕಿರ್ತಿದ್ನೋ ಏನೋ, ನಂಗೊತ್ತಿಲ್ಲ. ಇದು ನಮ್ಮುಡ್ಗನ ಮೈಗೆ ಓಗಾದು. ಸುಳ್ಳು ಔಷ್ದಿ ಚುಚ್ಚುಸ್ಕಂಡು, ಅದೂ ಆಗ್ಲಿಲ್ಲ ಅಂದ್ರೆ, ಆಮೇಲೆ ಅವ್ನು ಯಾವುದ್ನ ನಂಬ್ತಾನೆ?" ಎಂದರು. ಹಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಡಾಕ್ಟ್ರ ಕೋಣೆಯ ಕಡೆ ಹೊರಟರು. ನಾನೂ ಹಿಂದೆ ಓಡಿದೆ. ತಡೆಯಲಿಕ್ಕೇ ಓಡಿದ್ದು, ಸುಳ್ಳು ಯಾಕೆ ಹೇಳಲಿ?

ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. "ಸಾರ್, ಔಷ್ದಿ ಕೆಲ್ಸ ಮಾಡಿಲ್ಲ. ನನ್ ಸಾಂಬ್ರಾಣಿ ಕೆಲ್ಸ ಮಾಡೈತೆ" ಎಂದು ಹಾಸನ್ನು ಮೇಜಿನ ಮೇಲೆ ಇಟ್ಟರು. ಡಾಕ್ಟ್ರು ಎಲ್ಲ ಕೇಳಿಸಿಕೊಂಡರು, ಹಾಸನ್ನು ಮೂಸಿದರು. ಅವರ ಮುಖ ಇಳಿದುಹೋಯಿತು, ಆದರೂ ದನಿ ಎತ್ತಲಿಲ್ಲ. ಯಜಮಾನರಿಗೆ ಕೂತ್ಕೊಳ್ಳಿ ಎಂದರು. ಅವರು ಕೂರಲಿಲ್ಲ. ಡಾಕ್ಟ್ರು ನನ್ನ ಕಡೆ ತಿರುಗಿ ಗುಂಪುಗಳನ್ನು ಯಾಕೆ ಬೆರೆಸಿ ಹಂಚಿರಲಿಲ್ಲ ಎಂದು ಕೇಳಿದರು. ಆತುರದಲ್ಲಿ ಹಾಗಾಯಿತು ಎಂದೆ. "ಈ ವಾಸನೆ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?" ಎಂದರು. ನಾನು ತೊದಲುವ ಮೊದಲೇ ಯಜಮಾನರು, "ಈಗ್ಲೇ ಸಾರ್. ಅವ್ರೇ ನನ್ನ ಕರ್ಕೊಂಡ್ ಬಂದಿದ್ದು" ಎಂದರು.

ಹೊಸ ಹಾಸು ಹಾಕಿ, ಇಲಿಗಳನ್ನು ಸರಿಯಾಗಿ ಹಂಚಿ, ಮೊದಲಿನಿಂದ ಪರೀಕ್ಷೆ ಮಾಡಿದೆವು. ಔಷಧಿ ತಗೊಂಡ ಇಲಿಗಳೂ ಖಾಲಿ ಕಣದ ಇಲಿಗಳೂ ಒಂದೇ ಸಮನೆ ಬಿಳಿ ಕೋಣೆಗೆ ಹೋಗಿ ಕೂತವು. ಕಡುಬು ಒಳಗೆ ಹೋಗಿತ್ತೋ ಇಲ್ಲವೋ, ಹೋಗಿ ಒಡೆಯಲಿಲ್ಲವೋ, ಯಾರಿಗೂ ತಿಳಿಯಲಿಲ್ಲ. ಕೆಲವು ತಿಂಗಳಿಗೆ ಆ ಪ್ರಾಜೆಕ್ಟು ಮುಚ್ಚಿತು. ಪರೀಕ್ಷೆಯ ಕೋಣೆಯಲ್ಲಿ ಪೂಜೆ ಮಾಡಕೂಡದು ಎಂದು ನೋಟಿಸ್ ಬಂತು, ಯಜಮಾನರು ಅದಕ್ಕೆ ಸಹಿ ಹಾಕಿದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಒಂದು ಸಲ, ಒಬ್ಬರೇ ಇದ್ದಾಗ, "ಅವತ್ತು ಡಾಕ್ಟ್ರ ಹತ್ರ ಯಾಕೆ ಹಾಗಂದ್ರಿ?" ಎಂದು ಕೇಳಿದೆ. "ನಿಮ್ಗಿನ್ನೂ ವಯಸ್ಸೈತೆ ತಾಯಿ" ಎಂದು ಪಂಜರ ಉಜ್ಜುತ್ತಾ ಹೋದರು. ಮಗ ಹೇಗಿದ್ದಾನೆ ಎಂದು ಕೇಳುವ ಮುಖ ನನಗಿರಲಿಲ್ಲ. ಅದಾದ ಮೇಲೆ ಹೆಚ್ಚು ದಿನ ಅಲ್ಲಿರಲಿಲ್ಲ, ಪೀಣ್ಯದಲ್ಲಿ ಕೆಲಸ ಸಿಕ್ಕಿತು, ಬಿಟ್ಟುಬಂದೆ. ಒಂದು ಫೋನೂ ಮಾಡಲಿಲ್ಲ. ಪೇಪರಿನಲ್ಲಿ ನ್ಯಾನೋ ಎಂಬ ಪದ ಕಂಡರೆ ಈಗಲೂ ಪೂರ್ತಿ ಓದುತ್ತೇನೆ. ಯಾರೋ ಎಲ್ಲೋ ಇನ್ನೂ ಹುಡುಕುತ್ತಿದ್ದಾರೆ, ಸಿಗಲಿ.

ಸುದ್ದಿ ತಿಳಿದ ಮೇಲಿನ ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆಗೆದವನು ಮಗನೇ. ಮೂವತ್ತು ದಾಟಿದವನು, ಸಣಕಲು, ಸ್ವಲ್ಪ ಕಾಲೆಳೆದು ನಡೆಯುತ್ತಿದ್ದ. ಕುಡಿಯುವ ನೀರಿನ ಕ್ಯಾನ್ ಹಾಕುವ ವ್ಯಾಪಾರವಂತೆ, ಅಂಗಳದ ತುಂಬ ನೀಲಿ ಕ್ಯಾನ್‌ಗಳಿದ್ದವು. ನಾನು ಯಾರೆಂದು ಹೇಳಿದ ಕೂಡಲೇ ಅವನ ಮುಖ ಬದಲಾಯಿತು. ಒಳಗೆ ಕರೆದು ಕೂರಿಸಿ, ತಾನೇ ಟೀ ಮಾಡಿ ತಂದ.

"ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಕ್ಕ" ಎಂದ. "ವರ್ಷಗಟ್ಟಲೆ ನಿಮ್ಮನ್ನ ಬಾಯಿಗೆ ಬಂದಂಗೆ ಬೈಕೊಂಡಿದ್ದೀನಿ."

"ನನ್ನನ್ನಾ? ಯಾಕಪ್ಪಾ?"

"ಆ ಔಷಧಿಯಲ್ಲಿ ತಪ್ಪಿದೆ ಅಂತ ಕಂಡುಹಿಡಿದು ಹೇಳಿದ್ದು ನೀವೇ ಅಲ್ವಾ? ಅಪ್ಪ ಹೇಳಿದ್ರು. ದಾವಣಗೆರೆ ಕಡೆಯೋರು ಒಬ್ರು ಮೇಡಂ ಅವ್ರೆ, ಅವ್ರು ಡಾಕ್ಟ್ರಿಗೆ ಹೇಳ್ಬುಟ್ರು, ಅದಕ್ಕೇ ಔಷ್ದಿ ನಿಂತೋಯ್ತು ಅಂತ. ಅವತ್ತು ಈ ಮನೇಲಿ ಒಂದು ಪಾತ್ರೆ ಉಳಿಸ್ಲಿಲ್ಲ ನಾನು. ನಿಮ್ಮ ಮೇಲಿನ ಸಿಟ್ಟಿಗೆ. ಅಪ್ಪ ತಡೀಲಿಲ್ಲ. ಬೈಕೋ, ಬೈಕೊಂಡೇ ಬಾ, ಆಸ್ಪತ್ರೆಗೆ ಹೋಗಿ ಬರಣ ಅಂದ್ರು."

ಹಾಗೆ ಹೋದನಂತೆ. ನಗರದ ದೊಡ್ಡ ಆಸ್ಪತ್ರೆಗೆ, ಎರಡು ಬಸ್ಸು ಬದಲಾಯಿಸಿ. ನಾಲಿಗೆಯ ಕೆಳಗೆ ಇಡುವ ಮಾತ್ರೆ, ಹಳೆಯ ಔಷಧಿಯೇ, ಹೊಸದೇನಲ್ಲ. ಮೊದಮೊದಲು ದಿನಾ, ಆಮೇಲೆ ವಾರಕ್ಕೊಂದು ಸಲ. ನಡುವೆ ಎರಡು ಸಲ ಮತ್ತೆ ಬಿದ್ದನಂತೆ, ಎರಡು ಸಲವೂ ಅಪ್ಪ ಮತ್ತೆ ಬಸ್ಸು ಹತ್ತಿಸಿದ್ದರು. ಆರು ವರ್ಷ ಪಕ್ಕದ ಸೀಟಿನಲ್ಲಿ ಕೂತಿದ್ದರು.

ಆಗ ನನಗೆ ಅರ್ಥವಾಯಿತು. ಔಷಧಿ ನಿಲ್ಲಿಸಿದ್ದು ಅಪ್ಪನೇ ಎಂದು ತಿಳಿದಿದ್ದರೆ ಅವನು ಆ ಅಪ್ಪನ ಪಕ್ಕ ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು, ಅವನು ಕಂಡೇ ಇರದ ನನ್ನ ಮೇಲೆ ಹಾಕಿದ್ದರು. ನನ್ನನ್ನು ಬೈಯಿಸಿದ್ದರು, ಅದರ ಜೊತೆಗೆ ನನಗೆ ಇಲ್ಲದ ಮಾನವನ್ನೂ ಕೊಟ್ಟಿದ್ದರು. ಟೀ ಲೋಟ ಕೆಳಗಿಟ್ಟೆ.

"ಈಗ ಅನ್ಸುತ್ತೆ, ನೀವು ಮಾಡಿದ್ದೇ ಸರಿ ಅಂತ" ಎಂದು ಅವನು ಮುಂದುವರಿಸಿದ. "ಪಾಪ, ಅಪ್ಪಂಗೆ ನನ್ನ ಮೇಲೆ ಎಷ್ಟು ಆಸೆ ಇತ್ತು ಅಂದ್ರೆ, ಮೊದಲೇ ಗೊತ್ತಾಗಿದ್ರೆ ಅವ್ರು ನಿಮ್ಮ ಬಾಯಿ ಮುಚ್ಚಿಸೋಕೆ ನೋಡ್ತಿದ್ರೇನೋ."

ಸುಮ್ಮನೆ ತಲೆಯಾಡಿಸಿ ಎದ್ದು ಬರಬಹುದಿತ್ತು. ಯಜಮಾನರು ಬಚ್ಚಿಟ್ಟದ್ದನ್ನು ಬಿಚ್ಚಲು ನಾನು ಯಾರು ಎಂದೂ ಅನ್ನಿಸಿತು. ಆದರೆ ಬಸ್ಸಿನ ಓಡಾಟ ಮುಗಿದಿತ್ತು, ಪಕ್ಕದ ಸೀಟಿನವರು ಇರಲಿಲ್ಲ. ಸತ್ತ ಮೇಲೂ ಮಗ ಅವರನ್ನು ಹೀಗೇ ತಿಳಿದುಕೊಂಡಿರುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಇಲ್ಲಪ್ಪಾ" ಎಂದೆ. "ಬಾಯಿ ಮುಚ್ಚಿಸೋಕೆ ನೋಡಿದ್ದು ನಾನು. ಕಂಡುಹಿಡಿದಿದ್ದು ನಿಮ್ಮಪ್ಪ. ಡಾಕ್ಟ್ರ ಕೋಣೆಗೆ ಹೋಗಿ ಹೇಳಿದ್ದೂ ನಿಮ್ಮಪ್ಪನೇ."

ಅವನು ನನ್ನನ್ನೇ ನೋಡಿದ. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ತಿರುಗಲಿಲ್ಲ, ಅತ್ತಂತೆಯೂ ಕಾಣಲಿಲ್ಲ. ಬೀದಿಯಲ್ಲಿ ಯಾರೋ ನೀರಿನ ಕ್ಯಾನಿಗೆ ಅಂತ ಎರಡು ಸಲ ಕೂಗಿದರು, ಅವನು ಏಳಲಿಲ್ಲ.

"ಅದು ನಂಗೆ ಬರೋ ಔಷಧಿ ಅಂತ ಗೊತ್ತಿದ್ದೂನಾ?" ಎಂದ.

"ಗೊತ್ತಿದ್ದಿದ್ದಕ್ಕೇ" ಎಂದೆ.